ಬ್ಯಾಗು ಒಳಗೆ ಯಾಕಿಟ್ಟಿರಿ?

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ನಮ್ಮಲ್ಲಿ ಯಾವ ಸಭೆಯ ಸ್ವಾಗತ ಭಾಷಣವೂ ಈ ಮಾತಿಲ್ಲದೆ ಮುಗಿಯುವುದಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಬೆರಳು ಮಡಚಿ ಎಣಿಸುತ್ತೇವೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಾನೂ ಎಷ್ಟೋ ಸಲ ಎಣಿಸಿದ್ದೇನೆ. ಆದರೆ ಒಂದೇ ಪ್ರಶ್ನೆಯನ್ನು ಏಳೂ ಭಾಷೆಗಳಲ್ಲಿ ಕೇಳಿಸಿಕೊಳ್ಳುವ ಯೋಗ ಬಂದದ್ದು ಕಳೆದ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಯಾರೋ ನನ್ನ ಕಾರಿನ ಎಡಬದಿಯ ಗಾಜು ಒಡೆದು ಬ್ಯಾಗು ಎತ್ತಿಕೊಂಡು ಹೋದ ಮೇಲೆ. ಏಳು ಎಂದದ್ದು ಸ್ವಲ್ಪ ಹೆಚ್ಚಾಯಿತು. ಮರಾಠಿಯಲ್ಲಿ ಯಾರೂ ಕೇಳಲಿಲ್ಲ. ಆರು ಎಂದಿಟ್ಟುಕೊಳ್ಳಿ.

ಅದು ಶುಕ್ರವಾರ. ಶಾಲೆ ಬಿಟ್ಟ ಮೇಲೆ ಅಮ್ಮನ ಕನ್ನಡಕ ತರಲು ಪೇಟೆಗೆ ಹೋಗಿದ್ದೆ. ಅದರ ಒಂದು ಗಾಜು ಬಿರುಕು ಬಿಟ್ಟಿತ್ತು, ಬದಲಾಯಿಸಲು ಕೊಟ್ಟು ವಾರವಾಗಿತ್ತು. ಹೊಸ ಬಸ್ ನಿಲ್ದಾಣದ ಹಿಂದಿನ ಒಂದು ಒಳರಸ್ತೆಯಲ್ಲಿ, ಬೀಗ ಹಾಕಿದ ಹಳೆಯ ಗೋದಾಮಿನ ಗೋಡೆಯ ಬದಿಯಲ್ಲಿ ಕಾರು ನಿಲ್ಲಿಸಿದೆ. 2011ರ ಆಲ್ಟೊ, ಹಿಡಿ ತಿರುಗಿಸಿ ಗಾಜು ಏರಿಸಬೇಕಾದ ಕಾಲದ್ದು. ಕಾರಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿದಿತ್ತು. ಆ ಜಾಗವನ್ನು ನಾನಾಗಿಯೇ ಅಳತೆ ಮಾಡಿ ಬಿಟ್ಟುಕೊಟ್ಟ ಹಾಗಿತ್ತು ಎಂದು ಈಗ ಅನಿಸುತ್ತದೆ.

ಇಪ್ಪತ್ತೈದು ನಿಮಿಷ. ಹಿಂದಿರುಗಿ ಬರುವಾಗ ದೂರದಿಂದಲೇ ಎಡಬದಿಯ ಕಿಟಕಿ ಖಾಲಿ ಕಂಡಿತು. ಗಾಜು ಏರಿಸಲು ಮರೆತೆನೆಂದುಕೊಂಡೆ. ಇಷ್ಟು ಮಳೆಯಲ್ಲಿ ಸೀಟೆಲ್ಲ ತೊಯ್ದಿರುತ್ತದೆ, ಇಷ್ಟು ವಯಸ್ಸಾದರೂ ಬುದ್ಧಿ ಬರಲಿಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತ ಕೊಡೆ ಓರೆ ಮಾಡಿಕೊಂಡು ಓಡಿದೆ. ಹತ್ತಿರ ಹೋದರೆ ಸೀಟಿನ ಮೇಲೆ, ಕೆಳಗೆ, ಗೇರಿನ ಬುಡದಲ್ಲಿ, ಹೊರಗೆ ಮಳೆನೀರಿನಲ್ಲಿ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಹರಳು. ಬ್ಯಾಗು ಇಲ್ಲ. ಆಟಿಯ ಮಳೆ ಗೋದಾಮಿನ ತಗಡಿನ ಮಾಡಿನ ಮೇಲೆ ಸುರಿಯುವಾಗ ಗಾಜು ಒಡೆದ ಸದ್ದು ಪಕ್ಕದ ಚಹಾದಂಗಡಿಗೂ ಕೇಳಿರಲಾರದು. ನಮ್ಮ ಕಡೆ ಆಟಿಯಲ್ಲಿ ಮನೆಮನೆಗೆ ಕಳೆಂಜನ ವೇಷಧಾರಿ ಬರುತ್ತಾನೆ, ಊರಿಗೆ ಬಂದ ಮಾರಿ ಕಳೆಯಲು. ಈ ಸಲ ಬಂದವನು ಬೇರೆ ಏನನ್ನೋ ಕಳೆದು ಹೋದ.

ಕೈಯಲ್ಲಿದ್ದ ಕನ್ನಡಕದ ಪೊಟ್ಟಣ ನೋಡಿ ನಗು ಬಂತು ಎಂದರೆ ಸುಳ್ಳಾಗುತ್ತದೆ. ನಗು ಬಂದದ್ದು ಮರುದಿನ, ಅಮ್ಮ ಹೇಳಿದ ಮೇಲೆ: "ಒಂದು ಗಾಜು ತರಲು ಹೋಗಿ ಇನ್ನೊಂದು ಗಾಜು ಕೊಟ್ಟು ಬಂದೆಯಲ್ಲ."

ಬ್ಯಾಗಿನ ಬಗ್ಗೆ ಹೇಳಬೇಕು. ಯಾವುದೋ ಶಿಕ್ಷಕರ ತರಬೇತಿಯಲ್ಲಿ ಕೊಟ್ಟ ಕಪ್ಪು ಬ್ಯಾಗು ಅದು. ನೋಡಿದರೆ ಒಳಗೆ ಲ್ಯಾಪ್‌ಟಾಪ್ ಇದೆ ಎಂದೇ ತೋರುತ್ತದೆ. ಒಳಗಿದ್ದದ್ದು ಏಳನೇ ತರಗತಿಯ ಮೂವತ್ತೊಂದು ಕನ್ನಡ ಉತ್ತರಪತ್ರಿಕೆ, ಎರಡು ಕೆಂಪು ಪೆನ್ನು, ತೊಳೆಯದ ಬುತ್ತಿ ಪಾತ್ರೆ ಮತ್ತು ಚಿಲ್ಲರೆ ನೂರನಲವತ್ತು ರೂಪಾಯಿ. ಉತ್ತರಪತ್ರಿಕೆಗಳಲ್ಲಿ ಹದಿನೆಂಟನ್ನು ತಿದ್ದಿ ಆಗಿತ್ತು. ಕಳ್ಳ ಎಲ್ಲಿಯೋ ಕುಳಿತು ಜಿಪ್ ಎಳೆದು ನೋಡಿದ ಕ್ಷಣವನ್ನು ಆಮೇಲೆ ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಅವನ ಬಗ್ಗೆ ನನಗೆ ಕೋಪ ನಿಲ್ಲದೆ ಹೋದದ್ದಕ್ಕೆ ಆ ಊಹೆಯೂ ಕಾರಣವಿರಬಹುದು.

ಕೋಪ ಬಂದದ್ದು ಬೇರೆಯವರ ಮೇಲೆ. ಮೊದಲು ಬಂದವರು ಆಟೋ ಚಾಲಕರು. ಕಿಟಕಿಯೊಳಗೆ ಬಗ್ಗಿ ನೋಡಿದರು, ಗಾಜಿನ ಒಂದು ಹರಳನ್ನು ಎತ್ತಿ ಬೆಳಕಿಗೆ ಹಿಡಿದರು, ಆಮೇಲೆ ಬಹಳ ಮೆಲ್ಲಗೆ, ಅಯ್ಯೋ ಎನ್ನುವ ದನಿಯಲ್ಲಿ ಮಲಯಾಳದಲ್ಲಿ ಕೇಳಿದರು: "ಬ್ಯಾಗ್ ಎಂದಿನಾ ಉಳ್ಳಿಲ್ ಬೆಚ್ಚದ್?" ಕನ್ನಡಕದ ಅಂಗಡಿಯವರು ಸುದ್ದಿ ಕೇಳಿ ಕೊಡೆ ಹಿಡಿದು ಬಂದು ಅದನ್ನೇ ಕೊಂಕಣಿಯಲ್ಲಿ ತಮ್ಮ ಹುಡುಗನಿಗೆ ಹೇಳಿ, ನನಗೆ ಕನ್ನಡದಲ್ಲಿ ಕೇಳಿದರು. ಚಹಾದಂಗಡಿಯ ಕಾಕ ಬ್ಯಾರಿಯಲ್ಲಿ. ಮನೆಯವರು ಫೋನಿನಲ್ಲಿ. ಮರುದಿನ ತೋಟದ ಕೆಲಸಕ್ಕೆ ಬಂದವಳು ಹೆಡಿಗೆ ಕೆಳಗಿಡುವ ಮೊದಲೇ ತುಳುವಿನಲ್ಲಿ, "ಈರ್ ಬ್ಯಾಗ್ ದಾಯೆಗ್ ಉಲಯಿ ದೀಯರ್?" ಉರ್ದುವಿನಲ್ಲಿ ಕೇಳಿದ್ದು ಉಪ್ಪಳದಿಂದ ಬರುವ ನಮ್ಮ ಸಹೋದ್ಯೋಗಿ, ಅದೂ ತಮಾಷೆಗೆ, ಪಟ್ಟಿ ಪೂರ್ತಿಯಾಗಲಿ ಎಂದು.

ಗಾಜು ಯಾಕೆ ಒಡೆದ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿತ್ತು: ಬ್ಯಾಗು ಕಂಡಿತು, ಒಡೆದ. ಮಳೆಗೆ ಕೊಡೆ ಹಿಡಿಯದಿದ್ದರೆ ನೆನೆಯುತ್ತೇವೆ ಎನ್ನುವಷ್ಟು ಸರಳ. ಕಳ್ಳನನ್ನು ಮಳೆಯ ಲೆಕ್ಕಕ್ಕೆ ಸೇರಿಸಿಬಿಟ್ಟರೆ, ಆಮೇಲೆ ವಿಚಾರಣೆಗೆ ಉಳಿಯುವವಳು ನಾನೊಬ್ಬಳೇ.

ಮನೆಗೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ, ಬದಿಯಡ್ಕದ ಆಚೆ. ಬಟ್ಟೆಯಂಗಡಿಯವರು ಸೀರೆ ಹಾಕಿ ಕೊಡುವ ದೊಡ್ಡ ಪ್ಲಾಸ್ಟಿಕ್ ಚೀಲ ಕೊಟ್ಟರು. ಅದನ್ನು ಟೇಪು ಹಚ್ಚಿ ಅಂಟಿಸಿದೆವು. ವಿದ್ಯಾನಗರ ದಾಟುವ ಮೊದಲೇ ಅದು ಹಾರಿ ಹೋಯಿತು. ಚೆರ್ಕಳದವರೆಗೆ ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಹೆದ್ದಾರಿಯ ಕೆಸರು ನೀರು ಸೀಟಿಗೆ ಬಂತು. ಎಡನೀರು, ನೆಲ್ಲಿಕಟ್ಟೆಯ ತಿರುವುಗಳಲ್ಲಿ ಗಾಜಿನ ಹರಳುಗಳು ಆ ಬದಿಯಿಂದ ಈ ಬದಿಗೆ ಉರುಳುವ ಸದ್ದು ಕೇಳುತ್ತಿತ್ತು, ಬಾಗಿಲಿನ ಹೊಟ್ಟೆಯೊಳಗಿನಿಂದಲೂ. ಮನೆಗೆ ಬಂದಾಗ ಎಡ ತೋಳು ಪೂರ್ತಿ ಒದ್ದೆ.

ರಾತ್ರಿ ಎಂಟಕ್ಕೆ ಕೆಳಮನೆ ಮಾವ ಬಂದರು. ಬಂಧುವಲ್ಲ, ಕೆಳಗಿನ ತೋಟದವರು, ನಾನು ಸಣ್ಣವಳಿದ್ದಾಗಿನಿಂದ ಮಾವ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಸುರುಳಿ ಇತ್ತು. ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ಹಾಕಿ ಉಳಿದ ಶೀಟು, ದಪ್ಪದ್ದು, ಬಿಸಿಲಿಗೂ ಮಳೆಗೂ ಜಗ್ಗದ್ದು. ಟಾರ್ಚನ್ನು ನನ್ನ ಕೈಗೆ ಕೊಟ್ಟು, ಹೊಸದಾಗಿ ಮಾಡಿದ ಅಂಗಿಯ ಅಳತೆ ನೋಡುವ ದರ್ಜಿಯ ಹಾಗೆ ಶೀಟನ್ನು ಕಿಟಕಿಗೆ ಹಿಡಿದು, ಕತ್ತಿಯಲ್ಲಿ ಅಂಚು ಕೊಯ್ದರು. ಮೇಲಿನ ಅಂಚನ್ನು ಬಾಗಿಲಿನ ಚೌಕಟ್ಟಿನ ಒಳಕ್ಕೆ ಮಡಚಿ ಬಾಗಿಲು ಹಾಕಿ ಕಚ್ಚಿಸಿದರು. ಉಳಿದ ಬದಿಗಳಿಗೆ ಮಾತ್ರ ಟೇಪು. "ಕನ್ನಡಿ ಕಾಣುತ್ತದೆಯಾ ನೋಡು" ಎಂದರು. ಬದಿಯ ಕನ್ನಡಿ ಮಸುಕಾಗಿ, ಮಂಜಿನಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಚಹಾ ಕುಡಿದರು, ಕೊಳೆರೋಗಕ್ಕೆ ಎರಡನೆಯ ಸಲ ಮದ್ದು ಬಿಡಲು ಮಳೆ ಬಿಡುತ್ತಿಲ್ಲ ಎಂದು ಹೇಳಿದರು, ಎದ್ದು ಹೋದರು. ಬ್ಯಾಗಿನ ಮಾತೇ ಎತ್ತಲಿಲ್ಲ. ಅದನ್ನು ಗಮನಿಸಿದ್ದೂ ಎಷ್ಟೋ ಹೊತ್ತಾದ ಮೇಲೆ.

ಶನಿವಾರ ಪೊಲೀಸ್ ಠಾಣೆ. ಬುತ್ತಿ ಪಾತ್ರೆಗಾಗಿ ನಾನು ಹೋಗುತ್ತಿರಲಿಲ್ಲ. ಉತ್ತರಪತ್ರಿಕೆ ಕಳೆದುಹೋದದ್ದಕ್ಕೆ ಒಂದು ದಾಖಲೆ ಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ರಾತ್ರಿಯೇ ಎರಡು ಪುಟ ದೂರು ಬರೆದಿಟ್ಟಿದ್ದೆ, ನನ್ನ ಭಾಷೆಯಲ್ಲಿ. ಡ್ಯೂಟಿಯಲ್ಲಿದ್ದವರು ತೆಂಕಣ ಜಿಲ್ಲೆಯ ಯುವಕ. ಕಾಗದವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, "ಟೀಚರೇ, ಮಲಯಾಳದಲ್ಲಿ ಬರೆದು ಕೊಡುತ್ತೀರಾ?" ಎಂದರು. ನಾನು ಮಲಯಾಳ ಚೆನ್ನಾಗಿ ಮಾತನಾಡುತ್ತೇನೆ. ಓದುವುದು ಬಸ್ಸಿನ ಬೋರ್ಡಿನ ಮಟ್ಟಕ್ಕೆ. ಬರೆಯುವುದು ಹೆಸರಿನ ಮಟ್ಟಕ್ಕೆ.

ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಗಡಿನಾಡಿನ ಕನ್ನಡ ಶಿಕ್ಷಕರಿಗೆ ಇದು ಮಗ್ಗಿಯಿದ್ದ ಹಾಗೆ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇವೆ. ಕನ್ನಡದಲ್ಲಿ ತೀರ್ವೆ ಕಟ್ಟಿದ ಅಜ್ಜನ ರಸೀದಿಗಳು ಇಂದಿಗೂ ಮನೆಯ ಪೆಟ್ಟಿಗೆಯಲ್ಲಿವೆ. 1956ರ ನವೆಂಬರ್ 1ರವರೆಗೆ ಈ ನೆಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಇಷ್ಟೂ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಆ ಹುಡುಗ ಎದ್ದು ನಿಂತು ನನಗೆ ಕುರ್ಚಿ ಕೊಟ್ಟಿದ್ದ. ಕುರ್ಚಿ ಕೊಟ್ಟವರ ಮುಂದೆ ಸಂವಿಧಾನ ತೆಗೆಯಲು ನನಗೆ ಯಾವತ್ತೂ ಸಂಕೋಚ. ಸುಮ್ಮನೆ ಕುಳಿತೆ.

ಅರ್ಧ ಗಂಟೆಯ ಮೇಲೆ ಮಂಜೇಶ್ವರ ಕಡೆಯ ಒಬ್ಬ ಪೊಲೀಸ್ ಮಹಿಳೆ ಬಂದರು. ಅವರು ನನ್ನ ಕನ್ನಡವನ್ನು ನೋಡಿ ಮಲಯಾಳದಲ್ಲಿ ಓದಿದರು, ಆ ಹುಡುಗ ಟೈಪು ಮಾಡಿದ. ಕಣ್ಣು ಕನ್ನಡದ ಮೇಲೆ, ಬಾಯಿ ಮಲಯಾಳದಲ್ಲಿ, ಎಲ್ಲಿಯೂ ತಡವರಿಕೆ ಇಲ್ಲ. ಅಂಥ ಅನುವಾದವನ್ನು ನಾನು ಯಾವ ವಿಚಾರಗೋಷ್ಠಿಯಲ್ಲೂ ಕಂಡಿಲ್ಲ. ನನ್ನ ಗಾಜು ಅವರ ಬಾಯಲ್ಲಿ ಚಿಲ್ಲು ಆಯಿತು. ಮಲಯಾಳದಲ್ಲಿ ಗಾಜಿಗೆ ಚಿಲ್ಲು ಎನ್ನುತ್ತಾರೆ. ಸ್ವರ ಕಳಚಿಕೊಂಡು ಒಂಟಿಯಾಗಿ ನಿಂತ ನ್, ಲ್, ರ್, ಳ್, ಣ್ ಅಕ್ಷರಗಳಿಗೂ ಅಲ್ಲಿ ಚಿಲ್ಲು ಎಂದೇ ಹೆಸರು. ನಮ್ಮಲ್ಲಿ ಅದರ ದನಿ ಚಿಲ್ಲಾಪಿಲ್ಲಿಯಲ್ಲಿದೆ. ಸಂಬಂಧ ಇದೆಯೋ ಇಲ್ಲವೋ, ಆ ಠಾಣೆಯಲ್ಲಿ ಕುಳಿತಿದ್ದವಳಿಗೆ ಮೂರೂ ಒಂದೇ ಎನಿಸಿತು. ಇನ್ನೊಂದು ತೊಡಕು: ನಾನು ಆಟೋದವರಿಗೆ ಮೊದಲು ಹೇಳಿದ್ದು "ಕಣ್ಣಾಡಿ ಪೊಟ್ಟಿ" ಎಂದು. ಮಲಯಾಳದ ಕಣ್ಣಾಡಿ ಕನ್ನಡಿಯೂ ಹೌದು, ಕನ್ನಡಕವೂ ಹೌದು. ಕೈಯಲ್ಲಿ ಕನ್ನಡಕದ ಪೊಟ್ಟಣ ಹಿಡಿದು ಕಣ್ಣಾಡಿ ಒಡೆಯಿತೆಂದು ಅಳುತ್ತಿದ್ದ ನನ್ನನ್ನು ಅವರು ಒಂದು ಕ್ಷಣ ಕನಿಕರದಿಂದ ನೋಡಿದ್ದು ಯಾಕೆಂದು ಠಾಣೆಯಲ್ಲಿ ಹೊಳೆಯಿತು.

ಎಫ್‌ಐಆರ್ ಆಯಿತು. ದೂರು ಕೊಟ್ಟವರಿಗೆ ಅದರ ಪ್ರತಿಯನ್ನು ಹಣ ಪಡೆಯದೆ ಕೊಡಬೇಕು ಎಂಬ ನಿಯಮ ಹೊಸ ಕಾನೂನಿನಲ್ಲೂ ಉಳಿದಿದೆ. ಕೇಳುವ ಮೊದಲೇ ಕೊಟ್ಟರು. ಕೊಡುವಾಗ ಆ ಪೊಲೀಸ್ ಮಹಿಳೆ ಕನ್ನಡದಲ್ಲಿ, ನಮ್ಮ ಅಕ್ಕತಂಗಿಯರು ಕೇಳುವ ಹಾಗೆ ಕೇಳಿದರು: "ಆದರೂ ಟೀಚರೇ, ಬ್ಯಾಗು..."

ಶನಿವಾರ ರಾತ್ರಿ ವಿಮೆಯ ಕಾಗದ ತೆಗೆದು ಲೆಕ್ಕ ಹಾಕಿದೆವು. ನನ್ನದು ಸ್ವಂತ ಹಾನಿಯೂ ಸೇರಿದ ಪೂರ್ತಿ ವಿಮೆ. ಥರ್ಡ್ ಪಾರ್ಟಿ ಮಾತ್ರ ಇದ್ದಿದ್ದರೆ ಗಾಜಿಗೆ ಚಿಕ್ಕಾಸೂ ಇಲ್ಲ. ವಿಮೆಯ ನಿಯಮದಲ್ಲಿ ಗಾಜಿಗೆ ಒಂದು ಮರ್ಯಾದೆ ಇದೆ: ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಬೆಲೆ ಸವಕಳಿ ಕಳೆಯುತ್ತಾರೆ, ಗಾಜಿಗೆ ಸವಕಳಿಯೇ ಇಲ್ಲ. ಹದಿನಾಲ್ಕು ವರ್ಷದ ಗಾಜೂ ಹೊಸದೇ. ಓದಿ ಸಂತೋಷವಾಯಿತು. ಆಮೇಲೆ ಕೂಡಿ ಕಳೆದು ನೋಡಿದೆವು. ಗಾಜು, ಅದು ಓಡುವ ರಬ್ಬರು, ಕೂಲಿ ಸೇರಿ ಅಂದಾಜು 2,030 ರೂಪಾಯಿ. 1500 ಸಿ.ಸಿ. ಒಳಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನಮ್ಮದೇ. ರಬ್ಬರಿನ ಸವಕಳಿ 140. ಕೈಗೆ ಬರುವುದು 890. ಐದು ವರ್ಷ ಏನನ್ನೂ ಕೇಳದೆ ಇದ್ದದ್ದಕ್ಕೆ ನಮಗೆ 50 ಪ್ರತಿಶತ ನೋ ಕ್ಲೇಮ್ ಬೋನಸ್ ಇತ್ತು, ಅಂದರೆ ವರ್ಷಕ್ಕೆ 1,800 ರೂಪಾಯಿ ಉಳಿತಾಯ. 890 ಕೇಳಿದರೆ ಅದು ಪೂರ್ತಿ ಹೋಗಿ, ಮತ್ತೆ 20ರಿಂದ ಶುರು, ಆಮೇಲೆ 25, 35, 45 ಎಂದು ಮೆಟ್ಟಿಲು ಹತ್ತಬೇಕು. ಬ್ಯಾಗು ಮತ್ತು ಅದರೊಳಗಿನದು ಕಾರಿನ ಭಾಗವಲ್ಲವಾದ್ದರಿಂದ ಆ ಲೆಕ್ಕಕ್ಕೇ ಬರುವುದಿಲ್ಲ. ಮನೆಯವರು ಕಾಗದ ಮಡಚಿ ಒಳಗಿಟ್ಟರು. ಏನನ್ನೂ ಕೇಳದೆ ಇದ್ದರೆ ಲಾಭ ಎಂಬುದನ್ನು ಇಷ್ಟು ಅಂಕಿಯಿಟ್ಟು ಕಲಿಸುವ ಬೇರೆ ಶಾಸ್ತ್ರ ನನಗೆ ಗೊತ್ತಿಲ್ಲ.

ಭಾನುವಾರ ಅಂಗಡಿಗಳಿಲ್ಲ. ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಪೇಟೆಗೆ ಹೋದೆ. ಮನೆಯ ಕಿಟಕಿಗೆ ಗಾಜು ಕೊಯ್ದು ಕೊಡುವ ಅಂಗಡಿಯವರೊಬ್ಬರು, "ಅಳತೆ ಕೊಡಿ, ಅರ್ಧ ಗಂಟೆಯಲ್ಲಿ ಕತ್ತರಿಸಿ ಕೊಡುತ್ತೇನೆ, ಐನೂರು ಸಾಕು" ಎಂದರು. ಐನೂರು ಎಂದ ಕೂಡಲೇ ಕಿವಿ ನೆಟ್ಟಗಾಯಿತು. ಪುಣ್ಯಕ್ಕೆ ನಮ್ಮ ವಿಜ್ಞಾನದ ಮಾಸ್ಟ್ರು ಜೊತೆಗಿದ್ದರು. ಹೊರಗೆ ಎಳೆದುಕೊಂಡು ಬಂದು, ಮಳೆಯಲ್ಲೇ ಪಾಠ ಮಾಡಿದರು.

ಕಾರಿನ ಬದಿಯ ಗಾಜು ಹದ ಮಾಡಿದ ಗಾಜು. ಆಕಾರಕ್ಕೆ ಕೊಯ್ದು, ತೂತು ಕೊರೆದು, ಅಂಚು ಉಜ್ಜಿ, ಎಲ್ಲ ಮುಗಿದ ಮೇಲೆ 600 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ, ಎರಡೂ ಬದಿಗಳಿಂದ ತಣ್ಣನೆಯ ಗಾಳಿಯನ್ನು ಜೋರಾಗಿ ಹಾಯಿಸುತ್ತಾರೆ. ಮೈ ಮೊದಲು ಗಟ್ಟಿಯಾಗುತ್ತದೆ. ಹೊಟ್ಟೆ ನಿಧಾನವಾಗಿ ತಣಿದು ಕುಗ್ಗಲು ಹೊರಟರೆ, ಆಗಲೇ ಗಟ್ಟಿಯಾದ ಮೈ ಬಿಡುವುದಿಲ್ಲ. ಹಾಗಾಗಿ ಮೈ ಸದಾ ಒತ್ತಿಹಿಡಿದ ಸ್ಥಿತಿಯಲ್ಲಿ, ಹೊಟ್ಟೆ ಸದಾ ಎಳೆದುಹಿಡಿದ ಸ್ಥಿತಿಯಲ್ಲಿ ಉಳಿಯುತ್ತದೆ. ಇದರಿಂದ ಅದು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದರೆ ಒಂದು ಕಡೆ ಮೈ ಸೀಳಿ ಹೊಟ್ಟೆಗೆ ಮುಟ್ಟಿತೋ, ಅದುಮಿಟ್ಟ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಇಡೀ ಹಾಳೆ ಹರಳಾಗುತ್ತದೆ. ಆದ್ದರಿಂದಲೇ ಅದನ್ನು ಆಮೇಲೆ ಕೊಯ್ಯುವಂತಿಲ್ಲ. ಮಾಸ್ಟ್ರು ಹದಿನೇಳನೇ ಶತಮಾನದ ರೂಪರ್ಟ್ ರಾಜಕುಮಾರನ ಹನಿಗಳ ಕತೆ ಹೇಳಿದರು. ಕರಗಿದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿದರೆ ಗೊದಮೊಟ್ಟೆಯ ಆಕಾರದ ಹನಿಯಾಗುತ್ತದೆ. ಅದರ ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ, ಬಾಲದ ತುದಿ ಚಿವುಟಿದರೆ ಪುಡಿಪುಡಿ. ಅದನ್ನು ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನಿಗೆ ತೋರಿಸಿ ಬೆರಗುಗೊಳಿಸಿದ್ದರಂತೆ. "ಮನೆಯ ಗಾಜು ಹಾಕಿಸಿದರೆ, ನಾಳೆ ಯಾವುದಾದರೂ ಸ್ಕೂಟರು ತಾಗಿದಾಗ ಅದು ಹರಳಾಗುವುದಿಲ್ಲ, ಕತ್ತಿಯಾಗುತ್ತದೆ. ನಿಮ್ಮ ಕುತ್ತಿಗೆ ಅಲ್ಲೇ ಇರುತ್ತದೆ" ಎಂದರು. ಎದುರಿನ ಗಾಜು ಮಾತ್ರ ಬೇರೆ ಜಾತಿ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟದ್ದು. ಒಡೆದರೂ ಚೌಕಟ್ಟು ಬಿಟ್ಟು ಬೀಳದು. ನಿಮ್ಮ ಕಾರಿನ ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಿರುತ್ತವೆ, ನೋಡಿ. ಐಎಸ್ 2553 ಎಂದಿದ್ದರೆ ಅದು ಸುರಕ್ಷತಾ ಗಾಜಿನ ಭಾರತೀಯ ಮಾನಕ. ನಾನು ಇಷ್ಟು ವರ್ಷ ಅದನ್ನು ಕೊಳೆ ಎಂದುಕೊಂಡು ಉಜ್ಜುತ್ತಿದ್ದೆ.

ಗಾಜು ಮಂಗಳೂರಿನಿಂದ ಬರಬೇಕಿತ್ತು. ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂತು, ಹಳೆಯ ಕಂಬಳಿ ಸುತ್ತಿಕೊಂಡು, ಕಂಡಕ್ಟರನ ಪಕ್ಕದ ಸೀಟಿನಲ್ಲಿ ಕೂಸಿನ ಹಾಗೆ ಕುಳಿತು. ತಲಪಾಡಿಯಲ್ಲಿ ಅದನ್ನು ಯಾರೂ ತಡೆಯಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಅದೇ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೊರಟ ಇಲ್ಲಿಯ ರೋಗಿಗಳು ದಾರಿಯಲ್ಲೇ ನಿಂತದ್ದು ನೆನಪಾಯಿತು.

ಗಾಜು ಹಾಕಿದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ನನ್ನೊಡನೆ ತುಳು, ಒಳಗಿದ್ದ ಮಾಲೀಕರೊಡನೆ ಬ್ಯಾರಿ, ಫೋನಿನಲ್ಲಿ ಮಲಯಾಳ, ರೇಡಿಯೋದ ಹಿಂದಿ ಹಾಡಿಗೆ ಶಿಳ್ಳೆ. ಅವನ ಕೆಲಸವನ್ನು ನಾನು ಒಂದೂವರೆ ಗಂಟೆ ಸ್ಟೂಲಿನ ಮೇಲೆ ಕುಳಿತು ನೋಡಿದೆ. ತರಗತಿಯಲ್ಲಿ ನನ್ನ ಮಕ್ಕಳು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದಿಲ್ಲ. ಮೊದಲು ಗಾಜು ತಿರುಗಿಸುವ ಹಿಡಿಯನ್ನು ತೆಗೆಯಬೇಕು. ಅದಕ್ಕೆ ಕಾಣುವ ಸ್ಕ್ರೂ ಇಲ್ಲ. ಹುಡುಗ ಒಂದು ಹಳೆಯ ಬಟ್ಟೆಯ ತುಂಡನ್ನು ಹಿಡಿಗೂ ಬಾಗಿಲಿಗೂ ನಡುವೆ ತೂರಿಸಿ, ಬೂಟಿಗೆ ಪಾಲಿಶ್ ಮಾಡುವವರ ಹಾಗೆ ಆಚೆ ಈಚೆ ಎಳೆದ. ಟಕ್ ಎಂದು ಒಂದು ತಂತಿಯ ಕ್ಲಿಪ್ಪು ಹಾರಿ ಹೊರಬಿತ್ತು, ಹಿಡಿ ಕೈಗೆ ಬಂತು. ಕ್ಲಿಪ್ಪು ಬಟ್ಟೆಗೆ ಸಿಕ್ಕಿ ಸರಿಯುತ್ತದೆ, ಅಷ್ಟೇ ಗುಟ್ಟು. ಆಮೇಲೆ ಕೈ ಇಡುವ ಪಟ್ಟಿಯ ಸ್ಕ್ರೂ, ಚಿಲಕದ ಬಟ್ಟಲು, ಕೊನೆಗೆ ಒಳಮೈಯ ಪ್ಯಾಡನ್ನು ಅಂಚಿನಲ್ಲಿ ಮೀಟಿದರೆ ಕ್ಲಿಪ್ಪುಗಳು ಒಂದೊಂದಾಗಿ ಪಟಪಟ ಎಂದು ಬಿಟ್ಟುಕೊಂಡವು.

ಅದರ ಹಿಂದೆ ಕಪ್ಪು ಅಂಟಿನಲ್ಲಿ ಹಚ್ಚಿದ ಒಂದು ಪ್ಲಾಸ್ಟಿಕ್ ಹಾಳೆ. ಇದನ್ನು ಯಾರು ಹಚ್ಚಿದರು ಎಂದು ಕೇಳಿದೆ. ಅದು ಮೊದಲೇ ಇರುವುದಂತೆ. ಕಾರಿನ ಬಾಗಿಲಿನೊಳಗೆ ಮಳೆನೀರು ಹೋಗಿಯೇ ಹೋಗುತ್ತದೆ. ಗಾಜಿನ ಹೊರಗಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಹೋದ ನೀರು ಬಾಗಿಲಿನ ತಳದ ತೂತುಗಳಿಂದ ಹೊರಗೆ ಹರಿಯುತ್ತದೆ. ಒಳಗೆ ಕುಳಿತವರ ಕಾಲಿಗೆ ಬಾರದ ಹಾಗೆ ಈ ಹಾಳೆ ತಡೆಯುತ್ತದೆ. ಕಾರಿನ ಬಾಗಿಲು ಗಟ್ಟಿಯಾಗಿ ಮುಚ್ಚಿದ ಪೆಟ್ಟಿಗೆ ಎಂದೇ ನಾನು ತಿಳಿದಿದ್ದೆ. ನೋಡಿದರೆ ನಮ್ಮ ತೋಟದ ಕಣಿಯ ಹಾಗೆ ನೀರಿಗೆ ದಾರಿ ಬಿಟ್ಟುಕೊಟ್ಟ ಏರ್ಪಾಡು. ಹುಡುಗ ವ್ಯಾಕ್ಯೂಮ್ ಪೈಪು ಒಳಗೆ ಇಳಿಸಿದ. ಹರಳುಗಳು ಗಲಗಲ ಎಂದು ಮೇಲೇರಿದವು. ಎರಡು ಸೇರಿನಷ್ಟು ಇದ್ದೀತು. ತಳದ ಎರಡು ತೂತು ಗಾಜಿನಿಂದ ಕಟ್ಟಿಕೊಂಡಿದ್ದವು. ಅವನ್ನು ತಂತಿಯಲ್ಲಿ ಬಿಡಿಸಿದಾಗ ಮೂರು ದಿನದ ಮಳೆನೀರು ಕೆಂಪಾಗಿ ಹರಿದು ಹೋಯಿತು. "ಇದನ್ನು ಬಿಡಿಸದೆ ಗಾಜು ಮಾತ್ರ ಹಾಕಿ ಕೊಡುವವರೂ ಇದ್ದಾರೆ. ವರ್ಷದಲ್ಲಿ ಬಾಗಿಲು ತುಕ್ಕು" ಎಂದ. ಗಾಜು ಓಡುವ ರಬ್ಬರಿನ ಸಂದಿಗಳಲ್ಲಿ ಉಳಿದ ಚೂರುಗಳನ್ನು ಬೆರಳ ತುದಿಯಲ್ಲಿ ತಡವಿ ತೆಗೆದ. ಒಂದು ಉಳಿದರೂ ಹೊಸ ಗಾಜಿನ ಮೇಲೆ ಗೀರು ಬೀಳುತ್ತದೆ.

ಹೊಸ ಗಾಜನ್ನು ಓರೆಯಾಗಿ ಬಾಗಿಲಿನ ಸೀಳಿಗೆ ಇಳಿಸಿ, ಸಾಬೂನು ನೀರು ಹಚ್ಚಿದ ರಬ್ಬರಿಗೆ ಕೂರಿಸಿ, ಕೆಳಗಿನಿಂದ, ಗಾಜು ಏರಿಸಿ ಇಳಿಸುವ ರೆಗ್ಯುಲೇಟರಿಗೆ ಎರಡು ಬೋಲ್ಟು ಬಿಗಿದ. ಏರಿಸಿದ, ಇಳಿಸಿದ, ಒಂದು ಬೋಲ್ಟು ಸಡಿಲಿಸಿ ಕೂದಲೆಳೆಯಷ್ಟು ಸರಿಸಿ ಮತ್ತೆ ಏರಿಸಿದ. ಕಪ್ಪು ಅಂಟನ್ನು ಬಿಸಿ ಮಾಡಿ ಹಳೆಯ ಹಾಳೆಯನ್ನೇ ಮತ್ತೆ ಹಚ್ಚಿದ. ಹೊಸ ಗಾಜು ಎಷ್ಟು ತಿಳಿಯಾಗಿತ್ತೆಂದರೆ ಉಳಿದ ಮೂರೂ ಗಾಜು ಇಷ್ಟು ವರ್ಷ ಮಂಕಾಗಿ ಗೀರು ಬಿದ್ದಿದ್ದವೆಂದು ಆಗಲೇ ಗೊತ್ತಾದದ್ದು. ಹುಡುಗ ಕೈ ಒರೆಸಿಕೊಳ್ಳುತ್ತ ಫಿಲ್ಮ್ ಹಾಕಿಸುವುದಾದರೆ ಹೇಳಿ, ಒಳಗೆ ಬ್ಯಾಗು ಇದ್ದರೂ ಕಾಣುವುದಿಲ್ಲ ಎಂದ. ಕಪ್ಪು ಫಿಲ್ಮನ್ನು 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತ್ತು. ನಿಯಮ ತಿದ್ದುಪಡಿಯಾದ ಮೇಲೆ, ಮಿತಿಯೊಳಗಿನ ಫಿಲ್ಮಿಗೆ ಅಡ್ಡಿಯಿಲ್ಲವೆಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆದರೂ ಬದಿಯ ಗಾಜಿನಲ್ಲಿ 50 ಪ್ರತಿಶತ ಬೆಳಕು ಹಾಯಲೇಬೇಕು. ಅರ್ಧ ಬೆಳಕಿನಲ್ಲಿ ನನ್ನ ಬ್ಯಾಗು ಇನ್ನಷ್ಟು ಬೆಲೆಬಾಳುವಂತೆ ಕಂಡೀತು ಎಂದು ಬೇಡವೆಂದೆ.

ಬುಧವಾರ ತರಗತಿಯಲ್ಲಿ ಮಕ್ಕಳಿಗೆ ವಿಷಯ ಹೇಳಿದೆ. ಉತ್ತರಪತ್ರಿಕೆ ಕಳವಾಗಿದೆ, ಮುಂದಿನ ವಾರ ಇನ್ನೊಮ್ಮೆ ಬರೆಯಬೇಕು. ಹಿಂದಿನ ಬೆಂಚಿನಲ್ಲಿ ಹಬ್ಬದ ಕಳೆ. ಮುಂದಿನ ಬೆಂಚಿನಲ್ಲಿ ಗೊಣಗಾಟ. ಒಬ್ಬ ಮಾತ್ರ ಬಹಳ ಹೊತ್ತು ಯೋಚಿಸಿ ಎದ್ದು ನಿಂತ.

"ಟೀಚರ್, ಕಳ್ಳನಿಗೆ ಕನ್ನಡ ಓದಲು ಬರುತ್ತದೆಯಾ?"

"ಗೊತ್ತಿಲ್ಲ. ಯಾಕೆ?"

"ನನಗೆ ಎಷ್ಟು ಮಾರ್ಕು ಎಂದು ಅವನಿಗೆ ಗೊತ್ತಾಗುತ್ತದಲ್ಲ."

ಮಾರ್ಕನ್ನು ಅಂಕಿಯಲ್ಲಿ ಬರೆದಿರುತ್ತೇನೆ, ಅದಕ್ಕೆ ಕನ್ನಡ ಬೇಕಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವನದು ತಿದ್ದಿದ ಹದಿನೆಂಟರಲ್ಲಿ ಇತ್ತು. ಅವನಿಗೆ ಬಂದದ್ದು ಆರು.

ಅದೇ ದಿನ ಮಧ್ಯಾಹ್ನ ಶಿಕ್ಷಕರ ಕೊಠಡಿಗೆ ನಮ್ಮ ಗಣಿತದ ಟೀಚರು ಬಂದು ಕುರ್ಚಿಯಲ್ಲಿ ಕುಸಿದರು. ಬೆಳಿಗ್ಗೆ ಬ್ಯಾಂಕಿನ ಎದುರು ನಿಲ್ಲಿಸಿದ್ದ ಸ್ಕೂಟರಿನಿಂದ ಯಾರೋ ಹೊಸ ಹೆಲ್ಮೆಟ್ ಎತ್ತಿಕೊಂಡು ಹೋಗಿದ್ದರು. ನಾನು ಮೊಸರನ್ನದ ತುತ್ತು ಬಾಯಿಗಿಡುವವಳು, ಕೈ ಹಾಗೆಯೇ ನಿಲ್ಲಿಸಿ ಕೇಳಿದೆ: "ಹೆಲ್ಮೆಟ್ ಯಾಕೆ ಗಾಡಿಯಲ್ಲೇ ಬಿಟ್ಟಿರಿ?"

ಐದು ದಿನವೂ ಪೂರ್ತಿಯಾಗಿರಲಿಲ್ಲ. ಆರು ಭಾಷೆಯಲ್ಲಿ ಕೇಳಿಸಿಕೊಂಡು ಒಳಗೊಳಗೇ ಉರಿದವಳು ನಾನು. ನಾಲಿಗೆಗೆ ಆ ಪ್ರಶ್ನೆ ಎಲ್ಲಿಂದ ಅಷ್ಟು ಬೇಗ ಬಂತು? ತಟ್ಟನೆ ಕೇಳಿಬಿಟ್ಟರೆ, ನಾನು ಹೆಲ್ಮೆಟ್ ಬಿಡುವವಳಲ್ಲ, ನನ್ನದು ಹೋಗುವುದಿಲ್ಲ ಎಂಬ ಒಂದು ಬೇಲಿ ಕಟ್ಟಿಕೊಂಡ ಹಾಗಾಗುತ್ತದೆ. ಕೇಳುವವರಿಗೆ ಬೇಕಾದದ್ದು ಉತ್ತರವಲ್ಲ, ಆ ಬೇಲಿ. ಗಣಿತದ ಟೀಚರು ಉತ್ತರ ಕೊಡಲೂ ಇಲ್ಲ. ನನ್ನನ್ನು ನೋಡಿದರು, ಬುತ್ತಿ ಬಿಚ್ಚಿದರು.

ಆಗ ನೆನಪಾದದ್ದು ಕೆಳಮನೆ ಮಾವನ ಜಗಲಿ. ಎರಡು ವರ್ಷದ ಹಿಂದೆ, ಸುಲಿದು ಕಟ್ಟಿಟ್ಟ ಅಡಿಕೆಯ ಎರಡು ಗೋಣಿ ಒಂದೇ ರಾತ್ರಿಯಲ್ಲಿ ಹೋಗಿತ್ತು. ಚಾಲಿ ಅಡಿಕೆ ಎಂದರೆ ಕೊಯ್ದು, ಅಂಗಳದಲ್ಲಿ ನಲವತ್ತು ದಿನಕ್ಕೂ ಮೇಲೆ ಒಣಗಿಸಿ, ಸುಲಿದು, ಆರಿಸಿದ್ದು. ಬೆಳಿಗ್ಗೆ ಸುದ್ದಿ ಕೇಳಿ ನಾನೂ ಓಡಿದ್ದೆ. ಮಾವ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಅವರ ಮುಂದೆ ನಿಂತು ನಾನು ಹೇಳಿದ ಮೊದಲ ಮಾತು ಈಗ ಅಕ್ಷರ ಬಿಡದೆ ನೆನಪಿದೆ. "ಮಾವ, ರಾತ್ರಿ ಒಳಗೆ ಎಳೆದು ಇಡಬಾರದಿತ್ತೇ?" ಎಪ್ಪತ್ತು ದಾಟಿದ ಮನುಷ್ಯ, ಬೆನ್ನುನೋವು ಬೇರೆ. ಅವರು ಎದ್ದು, ಉಳಿದ ಗೋಣಿಗಳ ಮೇಲೆ ಹೊದಿಕೆ ಸರಿಮಾಡಲು ಹೋದರು.

ಸಂಜೆ ಅವರ ಪ್ಲಾಸ್ಟಿಕ್ಕನ್ನು ತೊಳೆದು ಮಡಚಿಕೊಂಡು ಇಳಿದು ಹೋದೆ. ಮಾವ ಬಿಡಿಸಿ ಎರಡೂ ಮೈ ನೋಡಿದರು. ಅಂಚಿನಲ್ಲಿ ಟೇಪಿನ ಅಂಟು ಉಳಿದಿತ್ತು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಉಜ್ಜತೊಡಗಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಶುರು ಮಾಡಿದೆ.

"ಮಾವ, ಆ ವರ್ಷ ನಿಮ್ಮ ಅಡಿಕೆ ಹೋದಾಗ ನಾನು..."

"ಎಂಟು ಗೋಣಿ ಇತ್ತು. ಹೋದದ್ದು ಎರಡೇ" ಎಂದರು, ಉಜ್ಜುವುದನ್ನು ನಿಲ್ಲಿಸದೆ. "ಮಕ್ಕಳ ಪರೀಕ್ಷೆಗೆ ಏನು ಮಾಡಿದೆ?"

ಮತ್ತೆ ಬರೆಸುತ್ತೇನೆ ಎಂದೆ. ಕಳ್ಳನಿಗೆ ಕನ್ನಡ ಬರುತ್ತದೆಯಾ ಎಂದು ಕೇಳಿದ ಹುಡುಗನ ಕತೆ ಹೇಳಿದೆ. ಮಾವ ನಕ್ಕು ನಕ್ಕು ಕೆಮ್ಮು ಬಂದು, ಒಳಗಿನಿಂದ ಅತ್ತೆ ನೀರು ತರಬೇಕಾಯಿತು. "ಆರಕ್ಕೆ ಹತ್ತು ಕೊಟ್ಟುಬಿಡು ಆ ಹುಡುಗನಿಗೆ" ಎಂದರು. ಅದು ಆಗುವುದಿಲ್ಲ ಎಂದೆ. ಆಮೇಲೆ ಮಳೆಯ ವಿಷಯಕ್ಕೆ ಹೋದೆವು.

ಮೊನ್ನೆ ಈ ಸಾಲಿನ ಮೊದಲ ಕೊಯ್ಲು ಹರವುವಾಗ ನೋಡಿದೆ. ಸೋಲಾರ್ ಗೂಡಿನ ಮಾಡಿನಲ್ಲಿ, ಹಲಸಿನ ಕೊಂಬೆ ಬಿದ್ದು ಹರಿದಿದ್ದ ಕಡೆ, ಒಂದು ಆಲ್ಟೊ ಕಾರಿನ ಎಡಬದಿಯ ಕಿಟಕಿ ಅಂಟಿಕೊಂಡಿದೆ.